ಚೇಸ್ ಕೌಂಟಿಯಲ್ಲಿ ಎರಡು ದಿನ: ಅಪ್ಪ ಅಮ್ಮನಿಗೆ ಏನು ತೋರಿಸಬಹುದು?

ಕೆಸಿ ಕನ್ನಡತಿ · ಮಾರ್ಚ್ 18

ಎಲ್ಲರಿಗೂ ನಮಸ್ಕಾರ. ನಾವು ಕಾನ್ಸಸ್ ಸಿಟಿ ಹತ್ತಿರ ಇದ್ದೇವೆ. ಏಪ್ರಿಲ್ ಕೊನೆಗೆ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಕಳೆದ ಸಲ ಬಂದಾಗ ಚಿಕಾಗೋ ತೋರಿಸಿದ್ದೆವು. ಮೂರನೇ ದಿನ ಅಪ್ಪ, "ಇಲ್ಲಿ ದನ ಕರು ಇರೋ ಜಾಗ ಇಲ್ವೇನಮ್ಮಾ?" ಅಂತ ಕೇಳಿದರು. ಅವರು ಅಜ್ಜಂಪುರದ ಕಡೆಯವರು, ಅಮೃತಮಹಲ್ ದನಗಳ ಕಾವಲಿನ (ಹುಲ್ಲುಗಾವಲಿನ) ಪಕ್ಕದ ಊರಲ್ಲೇ ಬೆಳೆದವರು. ಆ ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ.

ಕಾನ್ಸಸ್‌ನ ಚೇಸ್ ಕೌಂಟಿಯಲ್ಲಿ ದೊಡ್ಡ ಹುಲ್ಲುಗಾವಲಿನ ಪಾರ್ಕ್ ಇದೆ, ಬೈಸನ್ ಇವೆ ಅಂತ ಕೇಳಿದ್ದೇನೆ. ಮೇ ಮೊದಲ ವಾರ ಎರಡು ದಿನ ಹೋಗೋಣ ಅಂತಿದ್ದೇವೆ. ಅಪ್ಪನಿಗೆ 71, ಚೆನ್ನಾಗಿ ನಡೀತಾರೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯೋಕೆ ಆಗಲ್ಲ. ಮಗಳಿಗೆ ಒಂಬತ್ತು ವರ್ಷ. ಹೋಗಿ ಬಂದವರು ದಯವಿಟ್ಟು ಹೇಳಿ. ಊಟದ ವಿಷಯವನ್ನೂ ತಿಳಿಸಿ, ನಾವೆಲ್ಲ ಸಸ್ಯಾಹಾರಿಗಳು.

---

ಹೆದ್ದಾರಿ ಪಯಣಿಗ · ಮಾರ್ಚ್ 18

ಮೇಡಂ, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ಎರಡು ವರ್ಷದ ಹಿಂದೆ ಜುಲೈನಲ್ಲಿ ಹೋಗಿದ್ದೆವು. ಎರಡು ಗಂಟೆ ಡ್ರೈವ್, ಮಧ್ಯಾಹ್ನ ಹನ್ನೆರಡಕ್ಕೆ ತಲುಪಿದೆವು. ಉರಿ ಬಿಸಿಲು, ಒಂದು ಮರದ ನೆರಳಿಲ್ಲ, ಬೈಸನ್ ಒಂದೂ ಕಾಣಲಿಲ್ಲ. ಮಕ್ಕಳು ಅತ್ತರು. ಎಲ್ಲಿ ನೋಡಿದರೂ ಹುಲ್ಲು. ವಯಸ್ಸಾದವರನ್ನು ಕರ್ಕೊಂಡು ಹೋಗೋಕೆ ನನಗಂತೂ ಧೈರ್ಯ ಬರಲ್ಲ.

---

ಹುಲ್ಲುಹಾದಿ · ಮಾರ್ಚ್ 19

ಪಯಣಿಗ ಅವರೇ, ಜುಲೈ ಮಧ್ಯಾಹ್ನ ಹೋದರೆ ಯಾರಿಗಾದರೂ ಹಾಗೇ ಆಗುತ್ತೆ. ನಿಮ್ಮ ಅನುಭವ ಸುಳ್ಳಲ್ಲ. ಆದರೆ ಆ ಜಾಗವನ್ನು ಅದರ ಹೊತ್ತಿಗೆ ನೋಡಬೇಕು. ನಾನು ಹನ್ನೊಂದು ವರ್ಷದಿಂದ ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತಿದ್ದೇನೆ. ಕನ್ನಡತಿ ಅವರಿಗೆ ಸ್ವಲ್ಪ ವಿವರವಾಗಿ ಬರೀತೀನಿ.

ಚೇಸ್ ಕೌಂಟಿ ಅಂದರೆ ಸುಮಾರು 780 ಚದರ ಮೈಲಿ ಜಾಗ. 2020ರ ಜನಗಣತಿ ಪ್ರಕಾರ ಅಲ್ಲಿರುವುದು 2,572 ಜನ. ಒಂದು ಚದರ ಮೈಲಿಗೆ ಮೂರು ಚಿಲ್ಲರೆ ಜನ! ಅದಕ್ಕೇ ಅಲ್ಲಿ ರಾತ್ರಿ ಅಷ್ಟು ಕತ್ತಲು, ಅಷ್ಟು ನಕ್ಷತ್ರ.

ನೀವು ಕೇಳಿದ ಪಾರ್ಕಿನ ಹೆಸರು ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್. ಸ್ಟ್ರಾಂಗ್ ಸಿಟಿಯಿಂದ ಉತ್ತರಕ್ಕೆ ಎರಡು ಮೈಲಿ, ಕೆ-177 ರಸ್ತೆ ಮೇಲೇ ಇದೆ. ಸುಮಾರು 10,900 ಎಕರೆ. ಒಳಗೆ ಹೋಗೋಕೆ ದುಡ್ಡು ಕೊಡಬೇಕಿಲ್ಲ. ನಡೆಯುವ ದಾರಿಗಳು ಎಲ್ಲ ಸೇರಿ ಸುಮಾರು 40 ಮೈಲಿ.

ಈ ಎತ್ತರ ಹುಲ್ಲಿನ ಪ್ರೇರಿ ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲಿ 17 ಕೋಟಿ ಎಕರೆ ಇತ್ತು. ಈಗ ಉಳಿದಿರುವುದು ನೂರಕ್ಕೆ ನಾಲ್ಕು ಭಾಗಕ್ಕಿಂತ ಕಡಿಮೆ. ಅದರಲ್ಲಿ ಹೆಚ್ಚಿನದು ಕಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲೇ ಇದೆ. ಮಿಕ್ಕ ಕಡೆ ನೇಗಿಲು ಬಿತ್ತು, ಜೋಳ ಸೋಯಾ ಬಂತು. ಇಲ್ಲಿ ಮಾತ್ರ ಯಾಕೆ ಉಳಿಯಿತು ಅಂದರೆ ಫ್ಲಿಂಟ್, ಅಂದರೆ ನಮ್ಮ ಚಕಮಕಿ ಕಲ್ಲು. ಗುಡ್ಡದ ಮೇಲೆ ಮಣ್ಣು ತೆಳು, ಅದರ ಕೆಳಗೇ ಸುಣ್ಣಕಲ್ಲು, ಅದರೊಳಗೆ ಚಕಮಕಿ. ಉಳೋಕೆ ಹೋದರೆ ನೇಗಿಲೇ ಮುರಿಯುತ್ತಿತ್ತು. ರೈತರು ಉಳುಮೆ ಬಿಟ್ಟು ದನ ಮೇಯಿಸಿದರು, ಹುಲ್ಲು ಬದುಕಿತು. ಆ ಕಲ್ಲಿನ ಮೇಲೆ ನನಗೆ ಬಹಳ ಪ್ರೀತಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮೇ ತಿಂಗಳಲ್ಲಿ ಆಳೆತ್ತರದ ಹುಲ್ಲು ಸಿಗಲ್ಲ. ಪಾದದ ಮಟ್ಟ, ಹೆಚ್ಚೆಂದರೆ ಮೊಣಕಾಲು. ದೊಡ್ಡ ಬ್ಲೂಸ್ಟೆಮ್ ಅನ್ನೋ ಹುಲ್ಲು ತಲೆ ಮೀರಿ ಬೆಳೆಯೋದು ಸೆಪ್ಟೆಂಬರ್ ಹೊತ್ತಿಗೆ, ಅದೂ ತಗ್ಗಿನ ಜಾಗದಲ್ಲಿ ಮಾತ್ರ. ಮೇ ತಿಂಗಳ ಸೊಗಸೇ ಬೇರೆ. ಗುಡ್ಡ ಪೂರ್ತಿ ಎಳೆ ಹಸಿರು, ಕಾಡು ಹೂವು, ಜೊತೆಗೆ ಆಗ ತಾನೇ ಹುಟ್ಟಿದ ಬೈಸನ್ ಕರುಗಳು. ದೊಡ್ಡವು ಕಡು ಕಂದು, ಕರು ಮಾತ್ರ ಕಿತ್ತಳೆ ಬಣ್ಣ.

---

ಎರಡು ಮಕ್ಕಳ ತಾಯಿ · ಮಾರ್ಚ್ 19

ಅಕ್ಕಾ, ಅಲ್ಲಿ ದೊಡ್ಡ ಹೋಟೆಲ್ ಅಂತ ಏನೂ ಇಲ್ಲ. ಎಂಪೋರಿಯಾ 20 ಮೈಲಿ ದೂರ, ದಿನಸಿ, ಪೆಟ್ರೋಲು ಎಲ್ಲ ಅಲ್ಲೇ ಮುಗಿಸಿಕೊಳ್ಳಿ. ನಾವು ಪುಳಿಯೋಗರೆ, ಚಪಾತಿ, ಒಗ್ಗರಣೆ ಅವಲಕ್ಕಿ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಗಾಳಿ ಅಂದರೆ ಏನು ಗಾಳಿ ಅಂತೀರಿ, ಪೇಪರ್ ತಟ್ಟೆ ಒಂದೂ ನಿಲ್ಲಲಿಲ್ಲ. ಸ್ಟೀಲ್ ಡಬ್ಬಿಯಲ್ಲೇ ತಿನ್ನಿ.

ಮಗಳಿಗೆ ಇಷ್ಟ ಆಗೋದು ಶಾಲೆ. ಲೋವರ್ ಫಾಕ್ಸ್ ಕ್ರೀಕ್ ಶಾಲೆ ಅಂತ, 1882ರಲ್ಲಿ ಕಟ್ಟಿದ್ದು. ಗುಡ್ಡದ ಮೇಲೆ ಒಂಟಿಯಾಗಿ ನಿಂತಿರುವ ಒಂದೇ ಕೋಣೆಯ ಕಲ್ಲಿನ ಶಾಲೆ. ಎಲ್ಲ ತರಗತಿಯ ಮಕ್ಕಳಿಗೂ ಅದೇ ಕೋಣೆ, ಅದೇ ಟೀಚರ್. ನನ್ನ ಮಗ ಕಿಟಕಿಗೆ ಮುಖ ಒತ್ತಿಕೊಂಡು ಹತ್ತು ನಿಮಿಷ ನೋಡಿದ.

ಮನೆಗೆ ಬಂದ ಮೇಲೆ ಎಲ್ಲರ ಕಾಲು ನೋಡಿ, ಉಣ್ಣಿ (ರಕ್ತ ಹೀರುವ ಹುಳ) ಇರುತ್ತೆ. ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ಇದನ್ನು ಮಾತ್ರ ಮರೀಬೇಡಿ.

---

ವಿಚಿಟಾ ಮಾವ · ಮಾರ್ಚ್ 20

ಅಮ್ಮನಿಗೆ ಮಂಡಿನೋವು ಅಂದಿರಲ್ಲಾ, ಅವರಿಗಾಗಿ ಬರೀತಿದ್ದೇನೆ. ನನ್ನ ಹೆಂಡತಿಗೂ ಅದೇ ತೊಂದರೆ.

ಬೈಸನ್ ಇರುವ ವಿಂಡ್‌ಮಿಲ್ ಪ್ಯಾಸ್ಚರ್‌ಗೆ ಹೋಗುವ ಸೀನಿಕ್ ಓವರ್‌ಲುಕ್ ದಾರಿ ಜಲ್ಲಿಯದು, ಏರು. ಒಂದು ಕಡೆಗೇ ಮೂರು ಮೈಲಿ ಮೀರುತ್ತೆ. ಅಮ್ಮನಿಗೆ ಅದು ಬೇಡ. ಅಪ್ಪ ಮತ್ತು ನೀವು ಬೆಳಗ್ಗೆ ಬೇಗ ಹೋಗಿಬನ್ನಿ. ಅಮ್ಮನನ್ನು ಸ್ಪ್ರಿಂಗ್ ಹಿಲ್ ರ‍್ಯಾಂಚ್ ಮನೆ ಹತ್ತಿರ ಕೂರಿಸಿ. 1881ರಲ್ಲಿ ಸ್ಟೀಫನ್ ಜೋನ್ಸ್ ಎನ್ನುವವರು ಕಟ್ಟಿಸಿದ ಕಲ್ಲಿನ ಮನೆ. ಪಕ್ಕದಲ್ಲೇ ಮೂರು ಅಂತಸ್ತಿನ ದನದ ಕೊಟ್ಟಿಗೆ, ಅದೂ ಪೂರ್ತಿ ಕಲ್ಲಿನದು. ಕೊಟ್ಟಿಗೆಯೊಳಗೆ ತಂಪು. ವಿಸಿಟರ್ ಸೆಂಟರ್‌ನಲ್ಲಿ ರೇಂಜರ್ ಜೊತೆಗಿನ ಬಸ್ ಟೂರ್ ಆ ವಾರ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ಆಮೇಲೆ ಕಾರಿನಲ್ಲಿ ಕೆ-177ರ ಮೇಲೆ ದಕ್ಷಿಣಕ್ಕೆ ಹೋಗಿ. ಕೌನ್ಸಿಲ್ ಗ್ರೋವ್‌ನಿಂದ ಕ್ಯಾಸೊಡೇವರೆಗೆ ಅದಕ್ಕೆ ಫ್ಲಿಂಟ್ ಹಿಲ್ಸ್ ಸೀನಿಕ್ ಬೈವೇ ಅಂತ ಹೆಸರು. ದಾರಿಯಲ್ಲಿ ಬಜಾರ್ ಅಂತ ಒಂದು ಊರು ಬರುತ್ತೆ. ನಿಜವಾಗಿ ಅದೇ ಹೆಸರು! ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಅಲ್ಲಿಂದ ಮುಂದೆ ಮ್ಯಾಟ್‌ಫೀಲ್ಡ್ ಗ್ರೀನ್. ಸಂಜೆ ಐದೂವರೆ ಮೇಲೆ ಈ ದಾರಿಯಲ್ಲಿ ಹೋದರೆ ಗುಡ್ಡದ ನೆರಳು ಒಂದರ ಮೇಲೊಂದು ಬೀಳೋದನ್ನು ಕಾರಿನಲ್ಲಿ ಕೂತೇ ನೋಡಬಹುದು. ನನ್ನ ಹೆಂಡತಿ ಇಡೀ ದಾರಿ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ಇನ್ನೊಂದು ಸಲ ಹೋಗೋಣ ರೀ" ಅಂದಳು.

ಬಜಾರ್ ಹತ್ತಿರದ ಒಂದು ಗದ್ದೆಯಲ್ಲಿ 1931ರ ಮಾರ್ಚ್ 31ರಂದು ವಿಮಾನ ಬಿದ್ದಿತ್ತು. ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಕ್ನೂಟ್ ರಾಕ್ನಿ ಸೇರಿ ಎಂಟು ಜನ ಹೋದರು. ಮರದ ರೆಕ್ಕೆ ಗಾಳಿಯಲ್ಲೇ ಮುರಿದಿತ್ತು. ಆಮೇಲೆ ಅಮೆರಿಕದಲ್ಲಿ ವಿಮಾನ ಸುರಕ್ಷತೆಯ ಬಗ್ಗೆ ಬಹಳ ಬದಲಾವಣೆ ಬಂತು. ಸ್ಮಾರಕ ಇರುವುದು ಖಾಸಗಿ ಜಮೀನಿನಲ್ಲಿ, ಬೇಲಿ ದಾಟಿ ಹೋಗಬೇಡಿ.

---

ಹುಲ್ಲುಹಾದಿ · ಮಾರ್ಚ್ 20

ಮಾವ, ಗದ್ದೆ ಅಲ್ಲ, ಅದೂ ಹುಲ್ಲುಗಾವಲೇ. ಕೊನೆಯ ಮಾತು ಮಾತ್ರ ಬಹಳ ಮುಖ್ಯ. ಅಲ್ಲಿ ಕಣ್ಣಿಗೆ ಕಾಣುವ ಗುಡ್ಡಗಳಲ್ಲಿ ಮುಕ್ಕಾಲು ಪಾಲು ಯಾರದ್ದೋ ದನದ ಜಮೀನು. ರಸ್ತೆ ಬದಿ ನಿಂತು ನೋಡಿ, ಬೇಲಿ ಮುಟ್ಟಬೇಡಿ. ಪಾರ್ಕಿನೊಳಗೆ ಗೇಟ್ ಸಿಕ್ಕರೆ, ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಿ.

---

ವಿಚಿಟಾ ಮಾವ · ಮಾರ್ಚ್ 20

ಸರಿ, ಹುಲ್ಲುಗಾವಲು. ಬಾಯಿ ತಪ್ಪಿ ಮಂಡ್ಯದ ಮಾತು ಬಂತು.

---

ಎಂಪೋರಿಯಾ ಹುಡುಗ · ಮಾರ್ಚ್ 21

ನಾನು ಇಲ್ಲೇ ಎಂಪೋರಿಯಾದಲ್ಲಿ ಓದುತ್ತಿದ್ದೇನೆ. ಈಗ ಇಲ್ಲಿ ಬೆಂಕಿಯ ಕಾಲ. ಮೊದಲ ವರ್ಷ ನನಗೆ ಗೊತ್ತಿರಲಿಲ್ಲ. ರಾತ್ರಿ ರೂಮಿನಿಂದ ನೋಡಿದರೆ ದೂರದ ಗುಡ್ಡದ ಮೇಲೆ ಕೆಂಪು ಗೆರೆ ಹರಿದಾಡುತ್ತಿತ್ತು. ಕಾಡ್ಗಿಚ್ಚು ಅಂತ ಹೆದರಿ ಮನೆ ಮಾಲೀಕರಿಗೆ ಫೋನ್ ಮಾಡಿದೆ. ಅವರು ಸಮಾಧಾನದಿಂದ ಎಲ್ಲ ವಿವರಿಸಿದರು.

ರೈತರೇ ಬೆಂಕಿ ಇಡೋದು. ಮಾರ್ಚ್, ಏಪ್ರಿಲ್‌ನಲ್ಲಿ ಒಣ ಹುಲ್ಲು ಸುಟ್ಟರೆ ವಾರ ಎರಡು ವಾರದಲ್ಲಿ ಎಳೆ ಹುಲ್ಲು ಬರುತ್ತೆ. ಅದನ್ನು ತಿಂದ ಕರುಗಳು ಬೇಗ ಮೈ ತುಂಬಿಕೊಳ್ಳುತ್ತವೆ. ಸುಡದೆ ಬಿಟ್ಟರೆ ಕೆಲವೇ ವರ್ಷದಲ್ಲಿ ಕೆಂಪು ದೇವದಾರು ಥರದ ಗಿಡಗಳು ಎದ್ದು ಹುಲ್ಲನ್ನೇ ಮುಚ್ಚಿಬಿಡುತ್ತವೆ. ಹುಲ್ಲಿನ ಬೇರು ನೆಲದೊಳಗೆ ಎಂಟು ಹತ್ತು ಅಡಿ ಹೋಗಿರೋದರಿಂದ ಮೇಲಿನ ಬೆಂಕಿ ಅದಕ್ಕೆ ತಟ್ಟಲ್ಲ. ರೈತರಿಗಿಂತ ಬಹಳ ಮೊದಲೇ ಇಲ್ಲಿಯ ಮೂಲನಿವಾಸಿಗಳು ಹೀಗೇ ಬೆಂಕಿ ಇಡುತ್ತಿದ್ದರು. ಪಾರ್ಕಿನವರು ಎಲ್ಲವನ್ನೂ ಒಟ್ಟಿಗೆ ಸುಡಲ್ಲ, ಒಂದೊಂದು ವರ್ಷ ಒಂದೊಂದು ಭಾಗ ಸುಡುತ್ತಾರೆ. ಹಕ್ಕಿಗಳಿಗೆ ಗೂಡು ಕಟ್ಟೋಕೆ ಹಳೆ ಹುಲ್ಲೂ ಬೇಕಲ್ವಾ, ಅದಕ್ಕೆ.

ಹೊಗೆ ಮಾತ್ರ ಜಾಸ್ತಿ. ಉಬ್ಬಸ ಇರುವವರು ಏಪ್ರಿಲ್‌ನಲ್ಲಿ ಬರಬೇಡಿ. ಮೇ ಹೊತ್ತಿಗೆ ಮುಗಿದಿರುತ್ತೆ.

ಯಾರಾದರೂ ಈ ತಿಂಗಳು ಬರೋದಾದರೆ ಬೆಳಗಿನ ಜಾವ ಪ್ರೇರಿ ಚಿಕನ್ ಸದ್ದು ಕೇಳಿ. ಗಂಡು ಹಕ್ಕಿಗಳು ಒಂದೇ ಜಾಗದಲ್ಲಿ ಸೇರಿ ಕುಣಿಯುತ್ತವೆ. ಕತ್ತಿನ ಕಿತ್ತಳೆ ಚೀಲ ಉಬ್ಬಿಸಿ ಕೂಗಿದರೆ ಖಾಲಿ ಬಾಟಲಿ ಬಾಯಿಗೆ ಊದಿದ ಹಾಗೆ ಕೇಳುತ್ತೆ.

---

ಗಾಳದ ಗೋಪಿ · ಮಾರ್ಚ್ 22

ಮಗಳಿಗೆ ನೀರು ಇಷ್ಟವಾದರೆ ಚೇಸ್ ಸ್ಟೇಟ್ ಫಿಶಿಂಗ್ ಲೇಕ್ ಬಿಡಬೇಡಿ. ಕಾಟನ್‌ವುಡ್ ಫಾಲ್ಸ್ ಊರಿನಿಂದ ಪಶ್ಚಿಮಕ್ಕೆ ಮೂರು ಮೈಲಿ ಒಳಗೆ. 109 ಎಕರೆ ಕೆರೆ. ಕೋಡಿ ಬೀಳುವ ಕಡೆ ಕೆಳಗಿಳಿದು ಹೋದರೆ ಮೂರು ಹಂತದ ಜಲಪಾತ. ಮಳೆ ಬಂದ ವಾರ ಹೋದರೆ ಸದ್ದು ದೂರದಿಂದಲೇ ಕೇಳುತ್ತೆ, ಒಣ ವರ್ಷದಲ್ಲಿ ಬರೀ ಕಲ್ಲು. ಕಲ್ಲಿನ ಮೇಲೆ ಪಾಚಿ, ಜಾರುತ್ತೆ, ಮಗು ಕೈ ಬಿಡಬೇಡಿ.

ಮೀನು ಹಿಡಿಯೋಕೆ 16 ವರ್ಷದ ಒಳಗಿನವರಿಗೆ ಲೈಸೆನ್ಸ್ ಬೇಡ. ನಿಮಗೆ ಬೇಕು. ಒಂದು ದಿನದ್ದು ಸಿಗುತ್ತೆ.

ಇನ್ನೊಂದು, ಟೈರ್. ಒಳ ರಸ್ತೆಗಳೆಲ್ಲ ಆ ಚಕಮಕಿ ಕಲ್ಲಿನ ಜಲ್ಲಿ. ಚೂಪಾಗಿರುತ್ತೆ. ನಾನೊಮ್ಮೆ ಬಾಡಿಗೆ ಕಾರಿನಲ್ಲಿ ಹೋಗಿ ಎಲ್ಮ್‌ಡೇಲ್ ಹತ್ತಿರ ಪಂಕ್ಚರ್ ಆಯ್ತು, ಡಿಕ್ಕಿ ತೆಗೆದರೆ ಸ್ಟೆಪ್ನಿಯೇ ಇಲ್ಲ. ಫೋನ್ ಸಿಗ್ನಲ್ಲೂ ಇಲ್ಲ. ಟ್ರಕ್‌ನಲ್ಲಿ ಬಂದ ಒಬ್ಬ ರೈತರು ನನ್ನನ್ನು ಊರಿಗೆ ಕರ್ಕೊಂಡು ಹೋಗಿ, ಟೈರ್ ರಿಪೇರಿ ಮಾಡಿಸಿ, ವಾಪಸ್ ತಂದು ಬಿಟ್ಟರು. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ಹೊರಡುವ ಮೊದಲು ಸ್ಟೆಪ್ನಿ ಇದೆಯಾ ನೋಡಿಕೊಳ್ಳಿ.

---

ಹೆದ್ದಾರಿ ಪಯಣಿಗ · ಮಾರ್ಚ್ 22

ಇದೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಪಾರ್ಕಿನಲ್ಲಿ ಇರೋದು ನೂರು ಬೈಸನ್ ಅಂತೆ, ಜೊತೆಗೆ ದನಾನೂ ಮೇಯಿಸ್ತಾರಂತೆ. ಅಷ್ಟು ದೊಡ್ಡ ಜಾಗದಲ್ಲಿ ನೂರೇ ಯಾಕೆ, ಸಾವಿರ ಬಿಡಬಹುದಲ್ವಾ? ದನ ಯಾಕೆ ಮೇಯಿಸಬೇಕು? ನ್ಯಾಷನಲ್ ಪಾರ್ಕ್ ಅಂದ ಮೇಲೆ ಪೂರ್ತಿ ಕಾಡು ಪ್ರಾಣಿಗೇ ಬಿಡಬೇಕು ಅನ್ನೋದು ನನ್ನ ಅಭಿಪ್ರಾಯ.

---

ಹುಲ್ಲುಹಾದಿ · ಮಾರ್ಚ್ 23

ಒಳ್ಳೆ ಪ್ರಶ್ನೆ. ಇದರ ಹಿಂದೆ ಮೂವತ್ತು ನಲವತ್ತು ವರ್ಷದ ಜಗಳ ಇದೆ.

ಪ್ರೇರಿಗೆ ಒಂದು ನ್ಯಾಷನಲ್ ಪಾರ್ಕ್ ಬೇಕು ಅನ್ನೋ ಮಾತು ಬಹಳ ಹಳೆಯದು. 1961ರಲ್ಲಿ ಕೇಂದ್ರ ಸರ್ಕಾರದ ಮಂತ್ರಿ ಸ್ಟೂವರ್ಟ್ ಯುಡಾಲ್ ಜಾಗ ನೋಡಲು ಪಾಟವಾಟಮಿ ಕೌಂಟಿಯಲ್ಲಿ ಹೆಲಿಕಾಪ್ಟರ್‌ನಿಂದ ಇಳಿದರು. ಅಲ್ಲಿದ್ದ ರೈತ, ಇಲ್ಲಿಂದ ಹೊರಡಿ ಅಂದುಬಿಟ್ಟರು. ರೈತರ ಭಯ ಸುಳ್ಳಲ್ಲ. ಸರ್ಕಾರ ಪಾರ್ಕ್ ಅಂತ ಗೆರೆ ಎಳೆದರೆ ಮೂರು ತಲೆಮಾರಿನ ಜಮೀನು ಹೋಗುತ್ತೆ. ಆ ಹುಲ್ಲನ್ನು ಅಲ್ಲಿವರೆಗೆ ಉಳಿಸಿದ್ದೂ ಅವರೇ ತಾನೇ?

ಕೊನೆಗೆ 1994ರಲ್ಲಿ ನ್ಯಾಷನಲ್ ಪಾರ್ಕ್ ಟ್ರಸ್ಟ್ ಎನ್ನುವ ಖಾಸಗಿ ಸಂಸ್ಥೆ ಸ್ಪ್ರಿಂಗ್ ಹಿಲ್ ಇರುವ ರ‍್ಯಾಂಚನ್ನು ಕೊಂಡಿತು. 1996ರ ನವೆಂಬರ್ 12ರಂದು ಕಾನೂನು ಬಂತು. ಅದರಲ್ಲೇ ಬರೆದಿದೆ, ಸರ್ಕಾರ 180 ಎಕರೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. 2005ರಿಂದ ಮಿಕ್ಕ ಜಾಗ ದಿ ನೇಚರ್ ಕನ್ಸರ್ವೆನ್ಸಿ ಎನ್ನುವ ಪ್ರಕೃತಿ ಸಂರಕ್ಷಣೆಯ ಸಂಸ್ಥೆಯದ್ದು. ಎರಡೂ ಕಡೆಯವರು ಸೇರಿ ನೋಡಿಕೊಳ್ಳುತ್ತಾರೆ. 2009ರಲ್ಲಿ ವಿಂಡ್ ಕೇವ್ ಪಾರ್ಕಿನಿಂದ 13 ಬೈಸನ್ ತಂದು ಬಿಟ್ಟರು. ಈಗ ನೂರರ ಆಸುಪಾಸು ಇವೆ. ದನ ಮೇಯುವುದು ಆ ನೆಲದ ಕಥೆಯ ಒಂದು ಭಾಗ ಅಂತ ಒಪ್ಪಿಕೊಂಡೇ ಪಾರ್ಕ್ ಆಗಿದ್ದು. ದನ ಬೇಡ ಅಂದಿದ್ದರೆ ಪಾರ್ಕೇ ಆಗುತ್ತಿರಲಿಲ್ಲ.

ಇದರ ಹಿಂದಿನ ಕಥೆ ಇನ್ನೂ ನೋವಿನದು. ಕಾನ್ಸಸ್ ಅನ್ನೋ ಹೆಸರೇ ಕಾ ಅನ್ನೋ ಮೂಲನಿವಾಸಿ ಜನಾಂಗದಿಂದ ಬಂದಿದ್ದು. ಕಾನ್ಸಸ್‌ನಲ್ಲಿ ಅವರ ಕೊನೆಯ ಮೀಸಲು ಜಾಗ ಪಕ್ಕದ ಕೌನ್ಸಿಲ್ ಗ್ರೋವ್ ಸುತ್ತ ಇತ್ತು. 1873ರಲ್ಲಿ ಅವರನ್ನು ಒಕ್ಲಹೋಮಾಗೆ ಕಳಿಸಿದರು. ಅದೇ 1873ರಲ್ಲಿ ಇಲ್ಲಿ ಕಾಟನ್‌ವುಡ್ ಫಾಲ್ಸ್‌ನಲ್ಲಿ ಕೋರ್ಟ್ ಕಟ್ಟಡ ಮುಗಿಯಿತು. ಆ ಮೆಟ್ಟಿಲು ಹತ್ತುವಾಗ ನನಗೆ ಇದು ನೆನಪಾಗದೆ ಇರಲ್ಲ.

---

ಎರಡು ಮಕ್ಕಳ ತಾಯಿ · ಮಾರ್ಚ್ 23

ಕೋರ್ಟ್ ಬಗ್ಗೆ ಹೇಳೋಕೆ ಮರೆತಿದ್ದೆ. ವಾರದ ದಿನ ಹೋಗಿ, ಒಳಗೆ ಹೋಗಬಹುದು. ಈಗಲೂ ಅಲ್ಲಿ ಕೆಲಸ ನಡೆಯುತ್ತೆ. ಕಾನ್ಸಸ್‌ನಲ್ಲಿ ಇನ್ನೂ ಬಳಕೆಯಲ್ಲಿರುವ ಕೋರ್ಟ್‌ಗಳಲ್ಲಿ ಅದೇ ಹಳೆಯದು. ಕೆಂಪು ಛಾವಣಿ, ಮೇಲೆ ಗಡಿಯಾರ, ಎದುರಿಗೆ ಇಟ್ಟಿಗೆ ಹಾಸಿದ ಬೀದಿ. ಒಳಗೆ ಸುತ್ತು ಮೆಟ್ಟಿಲು ಕಪ್ಪು ವಾಲ್ನಟ್ ಮರದ್ದು, ಕಾಟನ್‌ವುಡ್ ನದಿ ದಡದ ಮರಗಳನ್ನೇ ಕಡಿದು ಮಾಡಿದ್ದು.

---

ಕೆಸಿ ಕನ್ನಡತಿ · ಮೇ 12

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗಿ ಬಂದೆವು! ಪೂರ್ತಿ ಬರೀತೀನಿ ಅಂತ ಮಾತು ಕೊಟ್ಟಿದ್ದೆ.

ಗುರುವಾರ ಮಧ್ಯಾಹ್ನ ಹೊರಟೆವು. ಮೊದಲು ಕೋರ್ಟ್. ಎಲ್ಲರೂ ಮೆಟ್ಟಿಲು ನೋಡುತ್ತಿದ್ದರೆ ಅಪ್ಪ ಹೊರಗೆ ಗೋಡೆಗೆ ಮೂಗು ತಾಗಿಸಿ ನಿಂತಿದ್ದರು. ಕಲ್ಲಿನಲ್ಲಿ ಅಕ್ಕಿ ಕಾಳಿನ ಥರ ಏನೋ ತುಂಬಿಕೊಂಡಿದೆ ಅಂದರು. ಉಗುರಿನಿಂದ ಸವರಿದರೆ ಕೈಗೆ ಸಿಗುತ್ತಿತ್ತು. ಮಗಳು ಹುಡುಕಿ ಓದಿ ಹೇಳಿದಳು, ಅದು ಫ್ಯೂಸುಲಿನಿಡ್ ಅನ್ನೋ ಸಮುದ್ರ ಜೀವಿಯ ಪಳೆಯುಳಿಕೆ, 28 ಕೋಟಿ ವರ್ಷಕ್ಕೂ ಹಿಂದಿನದು. ಆಗ ಇದೆಲ್ಲ ಸಮುದ್ರವಂತೆ. ಅಪ್ಪ ಮತ್ತೊಮ್ಮೆ ಗೋಡೆ ಸವರಿದರು. ಅಮ್ಮ ಇಟ್ಟಿಗೆ ಬೀದಿಯ ಬೆಂಚಿನ ಮೇಲೆ ಕೂತು ಅವಲಕ್ಕಿ ತಿಂದರು.

ಮರುದಿನ ಬೆಳಗ್ಗೆ ಏಳಕ್ಕೆ ನಾನು, ಅಪ್ಪ, ಮಗಳು ಸೀನಿಕ್ ಓವರ್‌ಲುಕ್ ಹತ್ತಿದೆವು. ಯಜಮಾನರು ಅಮ್ಮನ ಜೊತೆ ಕೊಟ್ಟಿಗೆ ಹತ್ತಿರ ಉಳಿದರು. ಸುಟ್ಟ ಭಾಗ ಎಲ್ಲಿ, ಸುಡದ ಭಾಗ ಎಲ್ಲಿ ಅಂತ ಚಾಕುವಿನಲ್ಲಿ ಕೊಯ್ದ ಹಾಗೆ ಕಾಣುತ್ತಿತ್ತು. ಅಪ್ಪ ಒಂದು ಕಡೆ ಕುಕ್ಕುರುಗಾಲಲ್ಲಿ ಕೂತರು. ಕರಿ ಮಸಿ ಹಿಡಿದ ಹುಲ್ಲಿನ ಬುಡ, ಅದರ ನಡುವಿಂದ ಬೆರಳುದ್ದದ ಹಸಿರು. ಕೀಳಬೇಡಿ ಅಂತ ಹೇಳೋಣ ಅಂದುಕೊಂಡೆ. ಅವರು ಕೀಳಲಿಲ್ಲ. ಅಂಗೈ ಅದರ ಮೇಲೆ ಆಡಿಸಿದರು, ಎಮ್ಮೆ ಕರುವಿನ ಬೆನ್ನು ಸವರಿದ ಹಾಗೆ. ಆಮೇಲೆ ಕೈ ಮೂಸಿ ನೋಡಿ, "ನಮ್ಮ ಕಾವಲಿನ ವಾಸನೆನೇ ಕಣಮ್ಮಾ, ಮೊದಲ ಮಳೆ ಬಿದ್ದಾಗ" ಅಂದರು. ಅಂಗೈ ಪೂರ್ತಿ ಕಪ್ಪಾಗಿತ್ತು. ಕೆಳಗಿಳಿಯುವವರೆಗೂ ತೊಳೆದುಕೊಳ್ಳಲಿಲ್ಲ.

ಬೈಸನ್ ಸಿಕ್ಕವು. ದಾರಿಯ ಪಕ್ಕದ ಇಳಿಜಾರಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ, ಆರು ಕಿತ್ತಳೆ ಕರು. ನೂರು ಗಜಕ್ಕಿಂತ ಹತ್ತಿರ ಹೋಗಬಾರದು ಅಂತ ಬೋರ್ಡ್ ಓದಿದ್ದೆವು, ಅದಕ್ಕಿಂತ ಬಹಳ ಹಿಂದೆಯೇ ನಿಂತೆವು. ಮಗಳು, "ತಾತ, ಇದು ಕಾಟಿನಾ?" ಅಂದಳು. "ಅಲ್ಲ ಪುಟ್ಟಿ, ಕಾಟಿ ನಮ್ಮ ಭದ್ರಾ ಕಾಡಿಂದು, ಇದಕ್ಕೆ ಹೆಗಲ ಮೇಲೆ ಉಣ್ಣೆ ಕಂಬಳಿ ಇದೆ ನೋಡು" ಅಂದರು. ಒಂದು ದೊಡ್ಡ ಹೆಣ್ಣು ನಮ್ಮ ಕಡೆ ತಿರುಗಿ ಬಾಲ ಎತ್ತಿತು. ಅಪ್ಪ ತಕ್ಷಣ, "ಹಿಂದೆ ನಡೀರಿ, ಅದಕ್ಕೆ ನಾವು ಇಷ್ಟ ಆಗ್ತಿಲ್ಲ" ಅಂದರು. ಐವತ್ತು ವರ್ಷ ದನದ ಜೊತೆ ಇದ್ದವರು, ಯಾವ ಬೋರ್ಡೂ ಬೇಕಿರಲಿಲ್ಲ ಅವರಿಗೆ.

ಕಲ್ಲಿನ ಬೇಲಿಯನ್ನೂ ಬಿಡಲಿಲ್ಲ. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ್ದು. ಸಂದಿಯಲ್ಲಿ ಬೆರಳು ಹಾಕಿ ನೋಡಿ, ಕಟ್ಟಿದವನು ಕೆಲಸಗಾರ ಅಂದರು. 1867ರ ಕಾನೂನಿನಲ್ಲಿ ಇಂಥ ಬೇಲಿ ಕಟ್ಟಿದರೆ ಒಂದು ರಾಡ್‌ಗೆ, ಅಂದರೆ ಹದಿನಾರೂವರೆ ಅಡಿಗೆ, 40 ಸೆಂಟ್ ಕೊಡುತ್ತಿದ್ದರು ಅಂತ ರೇಂಜರ್ ಹೇಳಿದರು. ಅಪ್ಪ ಲೆಕ್ಕ ಹಾಕುತ್ತಾ ಬಂದರು.

ಸಂಜೆ ಮಾವ ಹೇಳಿದ ಹಾಗೆ ಬಜಾರ್ ದಾರಿ. ಅಮ್ಮನಿಗೆ ಅದೇ ಇಷ್ಟವಾಯ್ತು. ಕಾರ್ ನಿಲ್ಲಿಸಿ ಅರ್ಧ ಗಂಟೆ ಸುಮ್ನೆ ಕೂತರು. ಜಲಪಾತದಲ್ಲಿ ನೀರು ಕಡಿಮೆ ಇತ್ತು, ಆದರೂ ಮಗಳು ಒದ್ದೆಯಾಗಿಯೇ ಬಂದಳು. ಟೈರ್‌ಗೆ ಏನೂ ಆಗಲಿಲ್ಲ, ಗೋಪಿ ಅವರೇ.

---

ಹೆದ್ದಾರಿ ಪಯಣಿಗ · ಮೇ 12

ಮೇಡಂ, ಓದಿ ಬಹಳ ಖುಷಿಯಾಯಿತು. ನಾವು ಮತ್ತೆ ಹೋಗೋದು ಅಂತ ತೀರ್ಮಾನ ಮಾಡಿದ್ದೇವೆ. ಜೂನ್ ಮೊದಲ ವಾರ ಸ್ಟ್ರಾಂಗ್ ಸಿಟಿಯಲ್ಲಿ ಫ್ಲಿಂಟ್ ಹಿಲ್ಸ್ ರೋಡಿಯೊ (ಕುದುರೆ, ಹೋರಿ ಸವಾರಿಯ ಪಂದ್ಯ) ಇರುತ್ತಂತೆ, 1938ರಲ್ಲಿ ಶುರುವಾದದ್ದು. ಅದಕ್ಕೆ ಹೋಗಲೋ, ಚಳಿಗೆ ಮುಂಚೆ ಹೋಗಲೋ?

---

ಹುಲ್ಲುಹಾದಿ · ಮೇ 13

ಮಕ್ಕಳಿಗೆ ರೋಡಿಯೊ ಹಿಡಿಸುತ್ತೆ. ಪಾರ್ಕಿಗೆ ಮಾತ್ರ ಸೆಪ್ಟೆಂಬರ್ ಕೊನೆಗೆ ಬನ್ನಿ. ಬಾಟಮ್‌ಲ್ಯಾಂಡ್ ಟ್ರೇಲ್‌ನಲ್ಲಿ ನಡೆಯಿರಿ, ಸಮತಟ್ಟು, ಚಿಕ್ಕದು. ಆಗ ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗಿರುತ್ತೆ.

---

ಕೆಸಿ ಕನ್ನಡತಿ · ಆಗಸ್ಟ್ 30

ಅಪ್ಪ ಅಮ್ಮ ಊರಿಗೆ ಹೋಗಿ ತಿಂಗಳಾಯಿತು. ಪ್ರತಿ ಭಾನುವಾರ ಫೋನ್‌ನಲ್ಲಿ ಅಪ್ಪನ ಮೊದಲ ಪ್ರಶ್ನೆ, "ಹುಲ್ಲು ಎಷ್ಟು ಎತ್ತರ ಬಂತು?" ಸೆಪ್ಟೆಂಬರ್ ಕೊನೆಯ ಶನಿವಾರ ನಾನು, ಮಗಳು ಬಾಟಮ್‌ಲ್ಯಾಂಡ್ ಟ್ರೇಲ್‌ಗೆ ಹೋಗುತ್ತಿದ್ದೇವೆ. ಹುಲ್ಲಿನ ಪಕ್ಕ ಅವಳನ್ನು ನಿಲ್ಲಿಸಿ ಫೋಟೊ ತೆಗೆದು ಕಳಿಸಬೇಕು. ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಬರುವವರು ಮೆಸೇಜ್ ಮಾಡಿ, ಬೆಳಗ್ಗೆ ಆರಕ್ಕೆ ಹೊರಡ್ತೀವಿ.